ಆ ‘ಥ್ಯಾಂಕ್ಯೂ ಅಣ್ಣ’ ಕಲಿಸಿದ್ದು ನಾನೇ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ ನಮಸ್ಕಾರಗಳು.

ಬೆಂಗಳೂರಿನ ಆಗ್ನೇಯ ಅಂಚಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿ, ಅದರಲ್ಲಿ ಕೊನೆಯ ಆರು ವರ್ಷ ಮುಖ್ಯಶಿಕ್ಷಕಿಯಾಗಿದ್ದು, 2022ರಲ್ಲಿ ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಾಗ ಇಲಾಖೆಗೆ ಎಷ್ಟೋ ಪತ್ರ ಬರೆದಿದ್ದೇನೆ. ಕೊಠಡಿ ಸೋರುತ್ತಿದೆ, ಹುದ್ದೆ ಖಾಲಿಯಿದೆ, ಅತಿಥಿ ಶಿಕ್ಷಕರಿಗೆ ನಾಲ್ಕು ತಿಂಗಳಿಂದ ಸಂಬಳವಿಲ್ಲ, ಇಂಥವೇ. ಈ ಪತ್ರದಲ್ಲಿ ಅವು ಯಾವುವೂ ಇಲ್ಲ. ಸೋರುವ ಮಾಳಿಗೆಗಿಂತ ದೊಡ್ಡದೊಂದು ನನ್ನ ಕಣ್ಣೆದುರಿಗೇ ಇತ್ತು. ಅದನ್ನು ನಾನು ಬಹಳ ತಡವಾಗಿ ನೋಡಿದೆ. ಅದನ್ನು ಹೇಳಲು ಬರೆಯುತ್ತಿದ್ದೇನೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. 2019ರ ಜನವರಿಯಲ್ಲಿ ರಾಜ್ಯ ಸರ್ಕಾರ ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ ನಿಯಮಗಳಿಗೆ ತಂದ ತಿದ್ದುಪಡಿಯನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ನೆರೆಹೊರೆಯಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆ ಬಡ ಮಕ್ಕಳಿಗೆ ಶೇ 25ರಷ್ಟು ಸೀಟು ಕೊಡಬೇಕಾಗಿಲ್ಲ ಎನ್ನುವ ತಿದ್ದುಪಡಿ ಅದು. ಬೆಂಗಳೂರಿನಲ್ಲಿ ನೆರೆಹೊರೆಯೆಂದರೆ ವಾರ್ಡು ಎಂದು ಲೆಕ್ಕ ಹಿಡಿದಿದ್ದರು. ಸರ್ಕಾರಿಯೋ ಅನುದಾನಿತವೋ ಒಂದು ಶಾಲೆಯೂ ಇಲ್ಲದ ವಾರ್ಡು ಈ ಊರಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹಿಂದಿನ ವರ್ಷ ರಾಜ್ಯದಲ್ಲಿ ಒಂದೂವರೆ ಲಕ್ಷದಷ್ಟಿದ್ದ ಆರ್‌ಟಿಇ ಸೀಟುಗಳು ಆ ಒಂದೇ ವರ್ಷದಲ್ಲಿ ಇಪ್ಪತ್ತು ಸಾವಿರದೊಳಗೆ ಇಳಿದವು. ಕಾಯ್ದೆ ಹಾಗೆಯೇ ಉಳಿಯಿತು, ಒಳಗಿನ ತಿರುಳು ಹೋಯಿತು.

ಆ ತಿದ್ದುಪಡಿ ಬಂದ ದಿನ ನಾನು ಸಂತೋಷಪಟ್ಟೆ. ಇದನ್ನು ಮುಚ್ಚಿಟ್ಟು ಮುಂದಿನದನ್ನು ಬರೆದರೆ ಸುಳ್ಳಾಗುತ್ತದೆ.

ಸಂತೋಷಕ್ಕೆ ಕಾರಣವಿತ್ತು. 2012ರಿಂದ ಈಚೆಗೆ ಪ್ರತಿ ಏಪ್ರಿಲ್‌ನಲ್ಲೂ ನಮ್ಮ ಶಾಲೆಗೆ ಬರಬೇಕಾದ ಮಕ್ಕಳು ಆರ್‌ಟಿಇ ಲಾಟರಿಯಲ್ಲಿ ಹೋಗಿಬಿಡುತ್ತಿದ್ದರು. ಅದರಲ್ಲೂ ಹೋಗುತ್ತಿದ್ದವರು ಯಾರು? ಅರ್ಜಿ ಹಾಕಲು, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ನಾಲ್ಕು ಸಲ ಅಲೆಯಲು ತ್ರಾಣವಿದ್ದ ತಂದೆತಾಯಿಯ ಮಕ್ಕಳು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಬಂದು ಗಟ್ಟಿಯಾಗಿ ಪ್ರಶ್ನೆ ಕೇಳುವವರೂ ಅವರೇ. ಅವರು ಹೋದ ಮೇಲೆ ಸಭೆಯಲ್ಲಿ ಕೇಳುವವರೇ ಇಲ್ಲದಂತಾಯಿತು. ಖಾಸಗಿ ಶಾಲೆಗೆ ಒಂದು ಮಗುವಿಗೆ ವರ್ಷಕ್ಕೆ ಮೊದಲು 11,848 ರೂಪಾಯಿ, ಆಮೇಲೆ 16,000 ರೂಪಾಯಿಯವರೆಗೆ ಸರ್ಕಾರ ಕಟ್ಟಿಕೊಡುತ್ತಿತ್ತು. ನಾನಿಲ್ಲಿ ಶೌಚಾಲಯ ತೊಳೆಯುವ ಆಯಾಗೆ ಕೊಡಲು ಶಿಕ್ಷಕರ ಕೈಯಿಂದಲೇ ದುಡ್ಡು ಕೂಡಿಸುತ್ತಿದ್ದೆ. ಆ ಹಣ ನಮ್ಮ ಶಾಲೆಗೇ ಬಂದಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ. ಹಾಗಾಗಿ ತಿದ್ದುಪಡಿ ಬಂದಾಗ, ಹೈಕೋರ್ಟ್ ಅದನ್ನು ಅದೇ ವರ್ಷ ಎತ್ತಿಹಿಡಿದಾಗ, ಸ್ಟಾಫ್ ರೂಮಿನಲ್ಲಿ ನಾವೆಲ್ಲ ‘ಇನ್ನಾದರೂ ನಮ್ಮ ಮಕ್ಕಳು ನಮಗೆ ಸಿಗುತ್ತಾರೆ’ ಎಂದುಕೊಂಡೆವು. ಸರ್ಕಾರದ ವಾದವೂ ಇದೇ ಆಗಿತ್ತು: ಪಕ್ಕದಲ್ಲಿ ನಮ್ಮದೇ ಶಾಲೆ ಇರುವಾಗ ಖಾಸಗಿಯವರಿಗೆ ಏಕೆ ಹಣ ಕಟ್ಟಬೇಕು? ಈ ವಾದದಲ್ಲಿ ಹುರುಳಿಲ್ಲ ಎಂದು ನಾನು ಇಂದಿಗೂ ಹೇಳುವುದಿಲ್ಲ. ಅದರಲ್ಲಿ ಒಂದು ತಪ್ಪಿದೆ, ಮತ್ತು ಆ ತಪ್ಪು ನನ್ನ ಶಾಲೆಯ ಅಂಗಳದಲ್ಲೇ ನನಗೆ ಕಾಣಿಸಿತು.

ನಮ್ಮ ಶಾಲೆಯ ಮುಂದೆ ಹದಿನಾರು ಮಹಡಿಯ ಅಪಾರ್ಟ್‌ಮೆಂಟು, ಹಿಂದೆ ತಗಡು ಮತ್ತು ನೀಲಿ ಟಾರ್ಪಾಲಿನ ಶೆಡ್ಡುಗಳು. ಬೆಳಗ್ಗೆ ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಹಳದಿ ಬಸ್ಸುಗಳು ಸಾಲಾಗಿ ನಿಂತು ಅಲ್ಲಿನ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತವೆ. ಅದೇ ಹೊತ್ತಿಗೆ ಶೆಡ್ಡುಗಳ ಹೆಂಗಸರು ಅದೇ ಗೇಟಿನಲ್ಲಿ ಗುರುತಿನ ಕಾರ್ಡು ತೋರಿಸಿ ಒಳಗೆ ಕೆಲಸಕ್ಕೆ ಹೋಗುತ್ತಾರೆ. ಸಂಜೆ ಹೊರಗೆ ಬರುವಾಗ ಅವರ ಬ್ಯಾಗು ತೆಗೆಸಿ ನೋಡುತ್ತಾರೆ. ಈ ಹೆಂಗಸರಲ್ಲಿ ಯಾದಗಿರಿ ಕಡೆಯ ಒಬ್ಬ ತಾಯಿ. ಗಂಡನದು ಕಂಬಿ ಕಟ್ಟುವ ಕೆಲಸ. ಅವಳ ಹಿರಿಮಗನಿಗೆ 2016ರಲ್ಲಿ ಲಾಟರಿ ಹತ್ತಿ, ಎರಡು ರಸ್ತೆ ಆಚೆಗಿನ ಇಂಗ್ಲಿಷ್ ಶಾಲೆಯಲ್ಲಿ ಸೀಟು ಸಿಕ್ಕಿತ್ತು. ಎರಡನೆಯವಳಿಗೆ 2019ರಲ್ಲಿ ಆರು ತುಂಬುವ ಹೊತ್ತಿಗೆ ನಿಯಮ ಬದಲಾಗಿತ್ತು. ಅವಳನ್ನು ಕರೆದುಕೊಂಡು ನನ್ನ ಬಳಿ ಬಂದ ದಿನ ತಾಯಿ ಕೇಳಿದಳು: ‘ದೊಡ್ಡಾವಗ ಆ ಸಾಲಿ, ಸಣ್ಣಾಕಿಗಿ ಈ ಸಾಲಿ. ನಾ ಏನ್ ತಪ್ಪ್ ಮಾಡೀನ್ರಿ ಅಕ್ಕೋರ?’

ನನಗೆ ಸ್ವಲ್ಪ ಬೇಸರವೇ ಆಯಿತು. ನಮ್ಮ ಶಾಲೆಗೆ ಏನು ಕಡಿಮೆಯಾಗಿದೆ, ಎಂದು ಕೇಳಿದೆ. ಹಾಲು, ಬಿಸಿಯೂಟ, ಪುಸ್ತಕ, ಸಮವಸ್ತ್ರ, ಶೂ ಎಲ್ಲ ಕೊಡುತ್ತೇವೆ ಎಂದು ಬೆರಳು ಮಡಿಸಿ ಎಣಿಸಿದೆ. ಅವಳು ಹೂಂ ಅಂದಳು. ಮಗಳ ಹೆಸರು ಬರೆಸಿ ಹೋದಳು.

2020ರ ಜನವರಿಯಲ್ಲಿ ಎದುರಿನ ಅಪಾರ್ಟ್‌ಮೆಂಟಿನ ಒಂದು ಕುಟುಂಬ ಮಗನ ಹುಟ್ಟುಹಬ್ಬಕ್ಕೆ ನಮ್ಮ ಮಕ್ಕಳಿಗೆ ತಿಂಡಿ ಹಂಚಲು ಬಂತು. ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ಇದು ಹೊಸದಲ್ಲ. ತಿಂಗಳಿಗೆ ಒಂದೆರಡಾದರೂ ಇರುತ್ತದೆ. ಒಳ್ಳೆಯ ಜನ, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಮಕ್ಕಳನ್ನು ಅಂಗಳದಲ್ಲಿ ತರಗತಿವಾರು ಸಾಲಾಗಿ ನಿಲ್ಲಿಸುತ್ತೇವೆ. ಹುಟ್ಟುಹಬ್ಬದ ಮಗು ಮುಂದೆ ನಿಂತು ಒಂದೊಂದು ಪೊಟ್ಟಣ ಕೈಗಿಡುತ್ತದೆ. ಆ ದಿನದ ಪೊಟ್ಟಣದಲ್ಲಿ ಒಂದು ಬ್ರೆಡ್ ಕೇಕು, ಒಂದು ಚಿಪ್ಸ್ ಪ್ಯಾಕೆಟ್, ಎರಡು ಪೆನ್ಸಿಲ್, ಒಂದು ರಬ್ಬರ್ ಇದ್ದವು. ತೆಗೆದುಕೊಂಡ ಮೇಲೆ ‘ಥ್ಯಾಂಕ್ಯೂ ಅಣ್ಣ’ ಎನ್ನಬೇಕು, ಹುಡುಗಿಯಾದರೆ ‘ಥ್ಯಾಂಕ್ಯೂ ಅಕ್ಕ’ ಎನ್ನಬೇಕು ಎಂದು ನಾನೇ ಕಲಿಸಿದ್ದೆ. ಪ್ರತಿ ಸಲ ಬೆಳಗಿನ ಪ್ರಾರ್ಥನೆಯಲ್ಲಿ ಒಮ್ಮೆ ಹೇಳಿಸಿ ಅಭ್ಯಾಸ ಮಾಡಿಸುತ್ತಿದ್ದೆ. ಕೊಟ್ಟವರಿಗೆ ಕೃತಜ್ಞತೆ ಹೇಳುವುದನ್ನು ಮಕ್ಕಳು ಕಲಿಯಬೇಕು ಎಂಬುದಷ್ಟೇ ನನ್ನ ಯೋಚನೆ.

ಆ ಹುಡುಗನಿಗೆ ಅಂದು ಏಳು ತುಂಬಿತ್ತು. ಹನ್ನೆರಡು ಹದಿಮೂರು ವರ್ಷದ ನಮ್ಮ ಏಳನೇ ತರಗತಿಯ ಹುಡುಗರು ಬಗ್ಗಿ ಅವನಿಂದ ಪೊಟ್ಟಣ ತೆಗೆದುಕೊಂಡು ‘ಥ್ಯಾಂಕ್ಯೂ ಅಣ್ಣ’ ಎಂದರು. ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಒಂದನೇ ತರಗತಿಯ ಸಾಲು ಬಂತು. ಯಾದಗಿರಿಯ ಆ ತಾಯಿಯ ಮಗಳು ಎದುರಿಗೆ ಬಂದಾಗ ಹುಡುಗನ ಮುಖ ಅರಳಿತು. ತಿರುಗಿ ತನ್ನ ತಾಯಿಗೆ, ಇವಳು ನಮ್ಮ ಮನೆಗೆ ಬರುತ್ತಾಳಲ್ಲ, ಎಂದು ಇಂಗ್ಲಿಷಿನಲ್ಲಿ ಹೇಳಿದ. ಹೌದು, ಅವಳ ತಾಯಿ ಕೆಲಸ ಮಾಡುತ್ತಿದ್ದದ್ದು ಆ ಮನೆಯಲ್ಲೇ. ಶನಿವಾರ ಮಧ್ಯಾಹ್ನ ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದಳು. ಪಾತ್ರೆ ತೊಳೆಯುವ ಕಡೆಯ ಬಾಲ್ಕನಿಯಲ್ಲಿ ಹುಡುಗಿ ಕೂತಿರುತ್ತಿದ್ದಳು. ಹುಡುಗ ಅಲ್ಲಿಗೆ ಬಂದು ತನ್ನ ಕಾರುಗಳನ್ನು ತೋರಿಸುತ್ತಿದ್ದನಂತೆ. ಇದೆಲ್ಲ ನನಗೆ ಆಮೇಲೆ ತಾಯಿಯಿಂದ ತಿಳಿಯಿತು. ಅಂಗಳದಲ್ಲಿ ಅವತ್ತು ನಡೆದದ್ದು ಇಷ್ಟು: ಹುಡುಗ ನಗುತ್ತಾ ನಿಂತಿದ್ದ. ಹುಡುಗಿ ಅವನ ಮುಖ ನೋಡಲಿಲ್ಲ. ಪೊಟ್ಟಣ ತೆಗೆದುಕೊಂಡಳು. ನಾನು ಕಲಿಸಿದಂತೆ, ತನ್ನದೇ ವಯಸ್ಸಿನ ಆ ಗೆಳೆಯನಿಗೆ ‘ಥ್ಯಾಂಕ್ಯೂ ಅಣ್ಣ’ ಅಂದಳು. ಹುಡುಗನ ನಗು ನಿಂತುಹೋಯಿತು. ಏನೋ ತಪ್ಪಾಗಿದೆ ಎಂದು ಅವನಿಗೂ ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಮುಂದಿನ ಮಗು ಬಂತು.

ಸಚಿವರೇ, ಆ ಮಗುವಿಗೆ ಹಾಲು ಕೊಟ್ಟಿದ್ದೆವು, ಊಟ ಕೊಟ್ಟಿದ್ದೆವು, ಶೂ ಕೊಟ್ಟಿದ್ದೆವು. ಆರು ವರ್ಷಕ್ಕೇ ಅವಳಿಗೆ ತನ್ನ ಜಾಗ ಯಾವುದೆಂಬುದನ್ನೂ ಕಲಿಸಿಕೊಟ್ಟಿದ್ದೆವು. ಅವರಿಬ್ಬರೂ ಒಂದೇ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದರೆ ಅವಳ ಬಾಯಲ್ಲಿ ‘ಅಣ್ಣ’ ಬರುತ್ತಿರಲಿಲ್ಲ. ಅವನ ಹೆಸರು ಬರುತ್ತಿತ್ತು. ಜಗಳವಾಡಿದ್ದರೆ ಬೈಗುಳವೂ ಬರುತ್ತಿತ್ತು.

‘ಪಕ್ಕದಲ್ಲೇ ಸರ್ಕಾರಿ ಶಾಲೆ ಇದೆಯಲ್ಲ’ ಎಂಬ ವಾದದ ತಪ್ಪು ಇಲ್ಲಿದೆ. ಈ ಮಾತನ್ನು ಜಗತ್ತು ಹಿಂದೆಯೂ ಕೇಳಿದೆ. ಅಮೆರಿಕದ ಸುಪ್ರೀಂ ಕೋರ್ಟ್ 1896ರಲ್ಲಿ ಲೂಸಿಯಾನಾದ ರೈಲು ಬೋಗಿಗಳ ಮೊಕದ್ದಮೆಯಲ್ಲಿ, ಕಪ್ಪು ಜನರಿಗೆ ಬೇರೆ ಬೋಗಿ ಇಡುವುದು ತಪ್ಪಲ್ಲ, ಸೌಲಭ್ಯ ಸಮಾನವಾಗಿದ್ದರೆ ಸಾಕು ಎಂದಿತು. ‘ಪ್ರತ್ಯೇಕ, ಆದರೆ ಸಮಾನ’ ಎಂಬ ಈ ಸೂತ್ರವನ್ನೇ ಶಾಲೆಗಳಿಗೂ ಹಚ್ಚಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಡೆಸಿದರು. ಕಾನ್ಸಾಸ್ ರಾಜ್ಯದ ಟೊಪೀಕಾ ಎಂಬ ಊರಿನಲ್ಲಿ ಲಿಂಡಾ ಬ್ರೌನ್ ಎಂಬ ಹುಡುಗಿಯ ಮನೆಯಿಂದ ಕೆಲವೇ ಬೀದಿಗಳ ಆಚೆ ಬಿಳಿಯರ ಶಾಲೆಯಿತ್ತು. ಅವಳು ಅಲ್ಲಿಗೆ ಹೋಗುವಂತಿರಲಿಲ್ಲ. ರೈಲು ಹಳಿಗಳನ್ನು ದಾಟಿ, ಬಸ್ಸು ಹಿಡಿದು, ದೂರದ ಕಪ್ಪು ಮಕ್ಕಳ ಶಾಲೆಗೆ ಹೋಗಬೇಕಿತ್ತು. ಅವಳ ತಂದೆ ಆಲಿವರ್ ಬ್ರೌನ್ ಮತ್ತು ಇತರ ತಂದೆತಾಯಂದಿರು ಕೋರ್ಟಿಗೆ ಹೋದರು. 1954ರ ಮೇ 17ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಆ ಪ್ರತ್ಯೇಕತೆಯನ್ನು ರದ್ದುಮಾಡಿದರು.

ಆ ತೀರ್ಪಿನ ಒಂದು ಅಂಶವನ್ನು ತಾವು ಗಮನಿಸಬೇಕು. ಟೊಪೀಕಾದ ಕಪ್ಪು ಮಕ್ಕಳ ಶಾಲೆಗಳ ಕಟ್ಟಡ, ಪಠ್ಯ, ಶಿಕ್ಷಕರ ಅರ್ಹತೆ ಬಿಳಿಯರ ಶಾಲೆಗಳಿಗಿಂತ ಹೇಳಿಕೊಳ್ಳುವಷ್ಟು ಕಡಿಮೆ ಇರಲಿಲ್ಲ. ನ್ಯಾಯಾಲಯವೂ ಅದನ್ನು ಒಪ್ಪಿಕೊಂಡೇ ಮುಂದೆ ಹೋಯಿತು. ಎಲ್ಲ ಸಮಾನವಾಗಿದ್ದರೂ, ಬೇರೆ ಇಟ್ಟದ್ದೇ ಮಗುವಿನ ಮನಸ್ಸಿನಲ್ಲಿ ತಾನು ಕೀಳು ಎಂಬ ಭಾವನೆಯನ್ನು ಬಿತ್ತುತ್ತದೆ, ಅದನ್ನು ಮುಂದೆ ಅಳಿಸುವುದು ಅಸಾಧ್ಯವೇ ಆಗಬಹುದು ಎಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಬರೆದರು. ನಾನು ಯಾದಗಿರಿಯ ತಾಯಿಗೆ ಬೆರಳು ಮಡಿಸಿ ಎಣಿಸಿದ್ದು ಸೌಲಭ್ಯಗಳನ್ನು. ಅವಳು ಕೇಳಿದ್ದು ಅದನ್ನಲ್ಲ.

ಅಮೆರಿಕದ ಕಥೆ ಅಲ್ಲಿಗೆ ಮುಗಿಯಲಿಲ್ಲ. ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿಯಲ್ಲಿ ಕಪ್ಪು ಮಕ್ಕಳನ್ನು ಸೇರಿಸಿಕೊಳ್ಳುವುದಕ್ಕಿಂತ ಶಾಲೆ ಮುಚ್ಚುವುದೇ ಮೇಲೆಂದು 1959ರಿಂದ ಐದು ವರ್ಷ ಸಾರ್ವಜನಿಕ ಶಾಲೆಗಳಿಗೆ ಬೀಗ ಹಾಕಿದರು. ಬಿಳಿಯರ ಮಕ್ಕಳಿಗೆ ಖಾಸಗಿ ಶಾಲೆ ಕಟ್ಟಿಕೊಂಡರು. ಉತ್ತರದ ನಗರಗಳಲ್ಲಿ ಬಿಳಿಯರು ಹೊರವಲಯದ ಬಡಾವಣೆಗಳಿಗೆ ಹೋಗಿ ನೆಲೆಸಿದರು. ಡೆಟ್ರಾಯಿಟ್‌ನ ಮೊಕದ್ದಮೆಯಲ್ಲಿ 1974ರಲ್ಲಿ ಅದೇ ಸುಪ್ರೀಂ ಕೋರ್ಟ್, ನಗರದ ಮಕ್ಕಳನ್ನು ಆ ಬಡಾವಣೆಗಳ ಶಾಲೆಗಳೊಂದಿಗೆ ಬೆರೆಸುವಂತೆ ಒತ್ತಾಯಿಸಲಾಗದು ಎಂದಿತು. ಕಾನೂನಿನ ಗೋಡೆ ಬಿದ್ದಮೇಲೂ ದುಡ್ಡಿನ ಗೋಡೆ, ಮನೆ ಎಲ್ಲಿದೆ ಎಂಬ ಗೋಡೆ ನಿಂತೇ ಉಳಿದವು. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2013ರ ಜನವರಿಯಲ್ಲಿ ಕೋರಮಂಗಲದ ಮಗ್ಗುಲಿನ ಈಜಿಪುರದಲ್ಲಿ ಬಡವರಿಗೆಂದೇ ಇದ್ದ ವಸತಿ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದಾಗ, ಅವರ ಮಕ್ಕಳು ವರ್ಷದ ನಡುವೆ ಯಾವ ಶಾಲೆಗೆ ಹೋಗಬೇಕು ಎಂದು ಯಾರು ಕೇಳಿದರು? ಊರು ಹಂಚಿಹೋದ ಹಾಗೆ ಶಾಲೆಯೂ ಹಂಚಿಹೋಗುತ್ತದೆ.

ನಮ್ಮಲ್ಲಿ ಇದಕ್ಕೆ ಇನ್ನೂ ಹಳೆಯ ಬೇರಿದೆ. ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರ್ ಕೂರುವುದಕ್ಕೆ ಮನೆಯಿಂದ ಗೋಣಿತಾಟು ಒಯ್ಯಬೇಕಿತ್ತು. ಜವಾನ ಇದ್ದು ಮೇಲಿನಿಂದ ಸುರಿದರೆ ಮಾತ್ರ ನೀರು, ಇಲ್ಲದಿದ್ದರೆ ಬಾಯಾರಿಕೆ. ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕಾಗಿ ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ನಾನು ಓದಿದ್ದು ಕೋಲಾರ ಸೀಮೆಯ ಹಳ್ಳಿ ಶಾಲೆಯಲ್ಲಿ, ಅರವತ್ತರ ದಶಕದ ಕೊನೆಯಲ್ಲಿ. ಆಗೆಲ್ಲ ಚೆನ್ನಾಗಿತ್ತು ಎಂದು ಹೇಳುವವಳಲ್ಲ ನಾನು. ಹಟ್ಟಿಯ ಮಕ್ಕಳು ಹಿಂದೆ ಗೋಡೆಗೆ ಒರಗಿ ಕೂರುತ್ತಿದ್ದರು, ಕುಡಿಯುವ ನೀರಿನ ಲೋಟ ಅವರಿಗೆ ಬೇರೆ. ಆದರೂ ಅವರು ಅದೇ ಕೋಣೆಯಲ್ಲಿದ್ದರು. ಶಾನುಭೋಗರ ಮಗ, ಡಾಕ್ಟರ ಮಗಳು, ಕೂಲಿಯವನ ಮಗ ಎಲ್ಲರಿಗೂ ಒಬ್ಬರೇ ಮೇಷ್ಟ್ರು ಹೊಡೆಯುತ್ತಿದ್ದರು. ಬೇರೆ ಲೋಟ ತಪ್ಪು ಎಂದು ನನಗೆ ಒಂದು ದಿನ ಅನ್ನಿಸಿದ್ದು, ಆ ಲೋಟದಲ್ಲಿ ಕುಡಿಯುತ್ತಿದ್ದ ಹುಡುಗಿ ನನ್ನ ಪಕ್ಕದಲ್ಲಿ ಲೆಕ್ಕ ಮಾಡುತ್ತಿದ್ದುದರಿಂದ. ಈಗ ಲೋಟ ಬೇರೆಯಿಲ್ಲ, ಶಾಲೆಯೇ ಬೇರೆ. ನನ್ನ ಸೇವೆಯ ಕೊನೆಯ ವರ್ಷದ ದಾಖಲಾತಿ ಪುಸ್ತಕದಲ್ಲಿ ಪರಿಶಿಷ್ಟರು, ಹಿಂದುಳಿದವರು, ಮುಸ್ಲಿಮರು ಇದ್ದರು. ಮೇಲ್ಜಾತಿ ಎಂದು ಕರೆಸಿಕೊಳ್ಳುವ ಮನೆಯ ಮಗು ಒಂದೂ ಇರಲಿಲ್ಲ. ಜಾತಿಯ ಕಾರಣಕ್ಕೆ ಯಾರನ್ನೂ ಬೇಡವೆಂದವರಿಲ್ಲ. ಫೀಸೇ ಆ ಕೆಲಸ ಮಾಡಿ ಮುಗಿಸಿತ್ತು.

ಇದು ಹೀಗಾಗುತ್ತದೆ ಎಂದು ಎಚ್ಚರಿಸಿದವರಿದ್ದರು. ಡಿ.ಎಸ್. ಕೊಠಾರಿ ಅಧ್ಯಕ್ಷತೆಯ ಶಿಕ್ಷಣ ಆಯೋಗ 1966ರಲ್ಲಿ ಕೊಟ್ಟ ವರದಿಯಲ್ಲಿ, ದುಡ್ಡಿದ್ದವರಿಗೊಂದು ಬಡವರಿಗೊಂದು ಶಾಲೆ ಇರಬಾರದು, ಒಂದು ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಹೋಗಬೇಕು ಎಂದು ಸ್ಪಷ್ಟವಾಗಿ ಹೇಳಿತ್ತು. ಅದೇ 1966ರಲ್ಲಿ ಅಮೆರಿಕದಲ್ಲಿ ಜೇಮ್ಸ್ ಕೋಲ್‌ಮನ್ ಸರ್ಕಾರಕ್ಕೆ ಒಪ್ಪಿಸಿದ ವರದಿಯೂ, ಬಡ ಮಗುವಿನ ಕಲಿಕೆಗೆ ಕಟ್ಟಡ ಪ್ರಯೋಗಾಲಯಗಳಿಗಿಂತ ಜೊತೆಯಲ್ಲಿ ಕೂರುವ ಮಕ್ಕಳು ಯಾರು ಎಂಬುದೇ ಮುಖ್ಯವಾಗುತ್ತದೆ ಎಂದು ತೋರಿಸಿತ್ತು. ನಾವು ಕೊಠಾರಿ ವರದಿಯನ್ನು 1968ರ ರಾಷ್ಟ್ರೀಯ ನೀತಿಯಲ್ಲಿ ಒಪ್ಪಿಕೊಂಡು ಮರೆತೆವು. ನಲವತ್ತು ವರ್ಷದ ಮೇಲೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 12(1)(ಸಿ) ಕಲಮಿನಲ್ಲಿ, ಅಂದರೆ ಈ ಶೇ 25ರ ಸೀಟಿನ ಕಲಮಿನಲ್ಲಿ, ಆ ಕನಸಿನ ಕಾಲು ಭಾಗ ಉಳಿದು ಬಂತು. ಖಾಸಗಿ ಶಾಲೆಗಳು ಅದರ ವಿರುದ್ಧ ಹೋದಾಗ 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕಲಮನ್ನು ಎತ್ತಿಹಿಡಿಯಿತು. ಅನುದಾನರಹಿತ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು.

ಆ ವರ್ಷವೇ ಜುಲೈನಲ್ಲಿ, ಇದೇ ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನು ಗುರುತಿಸಲು ಅವರ ತಲೆಗೂದಲು ಕತ್ತರಿಸಿದರು ಎಂಬ ಆರೋಪ ಪತ್ರಿಕೆಗಳಲ್ಲಿ ಬಂದು ಇಡೀ ದೇಶ ತಲೆತಗ್ಗಿಸಿತು. ನನಗೆ ಅದು ನೆನಪಿದೆ. ಆ ಶಾಲೆಗಳಿಗೆ ಹೋಗಿ ನಮ್ಮ ಮಕ್ಕಳು ಅವಮಾನ ಪಡುವುದಕ್ಕಿಂತ ನಮ್ಮ ಬಳಿಯೇ ಇರಲಿ ಎಂದು ಆಗ ನಾನೂ ಹೇಳಿದ್ದೆ. ಈಗ ಹಾಗೆ ಹೇಳಲಾರೆ. ಅವಮಾನ ಮಾಡುವವರನ್ನು ತಡೆಯಬೇಕಾದ ಸರ್ಕಾರ, ಅವಮಾನವಾಗುತ್ತದೆ ಎಂದು ಮಗುವನ್ನೇ ಹೊರಗೆ ಇಟ್ಟರೆ ಗೆದ್ದವರು ಯಾರು?

ಬೆರೆತರೆ ಏನಾಗುತ್ತದೆ ಎಂಬುದಕ್ಕೆ ದೆಹಲಿಯಲ್ಲಿ ಒಳ್ಳೆಯ ಪುರಾವೆ ಸಿಕ್ಕಿದೆ. ಅಲ್ಲಿನ ದೊಡ್ಡ ಖಾಸಗಿ ಶಾಲೆಗಳು ಆರ್‌ಟಿಇಗೂ ಮುಂಚೆಯೇ, 2007ರಿಂದ, ಬಡ ಮಕ್ಕಳಿಗೆ ಸೀಟು ಕೊಡಬೇಕಾಯಿತು. ಅರ್ಥಶಾಸ್ತ್ರಜ್ಞ ಗೌತಮ್ ರಾವ್ ಆ ಶಾಲೆಗಳ ಶ್ರೀಮಂತ ಮಕ್ಕಳನ್ನು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ತರಗತಿಯಲ್ಲಿ ಬಡ ಸಹಪಾಠಿಗಳಿದ್ದ ಮಕ್ಕಳು ಹೆಚ್ಚು ಉದಾರಿಗಳಾಗಿದ್ದರು. ರಿಲೇ ಓಟಕ್ಕೆ ಜೊತೆಗಾರರನ್ನು ಆರಿಸಿಕೊಳ್ಳಲು ಬಿಟ್ಟಾಗ, ವೇಗವಾಗಿ ಓಡುವ ಬಡ ಮಗುವನ್ನು ಬಿಟ್ಟು ನಿಧಾನವಾಗಿ ಓಡುವ ಶ್ರೀಮಂತ ಮಗುವನ್ನು ಆರಿಸುವ ಚಾಳಿ ಅವರಲ್ಲಿ ಕಡಿಮೆ ಇತ್ತು. ಗಣಿತ ಮತ್ತು ಹಿಂದಿಯ ಅಂಕಗಳಿಗೆ ಏನೂ ಆಗಿರಲಿಲ್ಲ. ಇಂಗ್ಲಿಷಿನಲ್ಲಿ ತುಸು ಕಡಿಮೆಯಾಗಿತ್ತು, ಅದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವ ತಂದೆತಾಯಂದಿರೂ ಈ ಪತ್ರ ಓದುತ್ತಿದ್ದರೆ ಅವರಲ್ಲಿ ನನ್ನ ವಿನಂತಿ: ಶೇ 25 ಎನ್ನುವುದು ನಿಮ್ಮ ಮಗುವಿನಿಂದ ಕಿತ್ತುಕೊಂಡದ್ದೆಂದು ದಯವಿಟ್ಟು ಭಾವಿಸಬೇಡಿ. ಆ ಏಳು ವರ್ಷದ ಹುಡುಗನಿಗೂ ಅವತ್ತು ಒಬ್ಬಳು ಗೆಳತಿ ಕಳೆದುಹೋದಳು.

ಕನ್ನಡದ ಮಾತನ್ನೂ ಹೇಳಬೇಕು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಮೇಲೆ ಕನ್ನಡ ಮಾಧ್ಯಮವೆಂದರೆ ಬಡವರ ಮಾಧ್ಯಮ ಎಂಬುದು ಗಟ್ಟಿಯಾಯಿತು. ಆ ಬಗ್ಗೆ ನಾನು ಅತ್ತಿದ್ದೇನೆ. ಆದರೆ ನನ್ನ ತರಗತಿಯಲ್ಲಿ ಕಂಡದ್ದೇನು ಗೊತ್ತೇ? ನೇಪಾಳದ ವಾಚ್‌ಮನ್ ಮಗ, ಒಡಿಶಾದಿಂದ ಬಂದ ಗಾರೆಯವನ ಮಗಳು, ಬಿಹಾರದ ಮಕ್ಕಳು ಜೂನ್‌ನಲ್ಲಿ ಒಂದಕ್ಷರ ಕನ್ನಡವಿಲ್ಲದೆ ಬಂದು ದಸರಾ ರಜೆಯ ಹೊತ್ತಿಗೆ ‘ಮಿಸ್, ಇವ್ನು ನನ್ ಜಡೆ ಎಳ್ದ’ ಎಂದು ದೂರು ತರುತ್ತಿದ್ದರು. ಯಾರೂ ಹೇರಿರಲಿಲ್ಲ. ಕುಂಟೆಬಿಲ್ಲೆ ಆಡುವಾಗ ಕಲಿತದ್ದು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಕನ್ನಡ ಬಾರದೇ ಇರುವುದು ಅವರ ಸೊಕ್ಕಿನಿಂದಲ್ಲ. ಕನ್ನಡ ಆಡುವ ಒಂದು ಮಗುವಿನ ಜೊತೆಗೂ ಆಡಲು ನಾವು ಅವರನ್ನು ಬಿಟ್ಟಿಲ್ಲ. ಅವರಿಗೆ ಕನ್ನಡ ಕೇಳಿಸುವುದು ಮನೆಗೆಲಸದವರ ಬಾಯಲ್ಲಿ, ಡ್ರೈವರ್ ಬಾಯಲ್ಲಿ, ಅದೂ ಆಜ್ಞೆಗೆ ಉತ್ತರವಾಗಿ.

ಇನ್ನು ನನ್ನದೇ ಒಂದು ಮಾತು. ನನ್ನ ಇಬ್ಬರು ಮಕ್ಕಳನ್ನು ನಾನು ಓದಿಸಿದ್ದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ. ಬೆಳಗ್ಗೆ ಅವರನ್ನು ವ್ಯಾನು ಹತ್ತಿಸಿ, ನಾನು ಬಸ್ಸು ಹಿಡಿದು ಬೇರೆಯವರ ಮಕ್ಕಳಿಗೆ ಪಾಠ ಹೇಳಲು ಹೋಗುತ್ತಿದ್ದೆ. ಸಹೋದ್ಯೋಗಿಗಳಲ್ಲಿ ಹೆಚ್ಚಿನವರು ಮಾಡಿದ್ದೂ ಅದನ್ನೇ. ಆಗ ನನಗೆ ನಾಚಿಕೆಯೆನಿಸಲಿಲ್ಲ, ಈಗ ಎನಿಸುತ್ತದೆ. ನಮ್ಮ ಮಕ್ಕಳು ಅದೇ ಶಾಲೆಯಲ್ಲಿದ್ದಿದ್ದರೆ ಶೌಚಾಲಯದ ಬಾಗಿಲು ಎರಡು ವರ್ಷ ಮುರಿದು ಬಿದ್ದಿರುತ್ತಿರಲಿಲ್ಲ. ಅಲಹಾಬಾದ್ ಹೈಕೋರ್ಟ್ 2015ರ ಆಗಸ್ಟ್‌ನಲ್ಲಿ, ಸರ್ಕಾರಿ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕೆಂದು ಉತ್ತರ ಪ್ರದೇಶ ಸರ್ಕಾರಕ್ಕೆ ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಕಡ್ಡಾಯ ಮಾಡಿ ಎಂದು ಕೇಳುವ ನೈತಿಕ ಹಕ್ಕು ನನಗಿಲ್ಲ. ಆದರೆ ನಮ್ಮಂಥವರು ತಾವಾಗಿಯೇ ಬಂದು ಸೇರಿಸುವಂಥ ಸರ್ಕಾರಿ ಶಾಲೆಯನ್ನು ಕಟ್ಟಿ ಎಂದು ಕೇಳಬಲ್ಲೆ. ಏನು ಬೇಕು ಎಂಬುದು ತಮ್ಮ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತಿದೆ. ತರಗತಿಗೊಬ್ಬ ಕಾಯಂ ಶಿಕ್ಷಕರು, ಎಲ್‌ಕೆಜಿ ಯುಕೆಜಿ, ಕನ್ನಡವನ್ನು ಬಿಡದೆ ಇಂಗ್ಲಿಷನ್ನು ನಿಜವಾಗಿ ಮಾತನಾಡಿಸಿ ಕಲಿಸುವವರು, ಒಬ್ಬ ಆಯಾ, ಒಂದು ಗಟ್ಟಿ ಕಾಂಪೌಂಡು. ಸರ್ಕಾರದ್ದೇ ಆದ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಸೀಟಿಗೆ ಜನ ಸಾಲು ನಿಂತದ್ದನ್ನು ನಾವು ನೋಡಿದ್ದೇವೆ. ಕೊಟ್ಟರೆ ಬರುತ್ತಾರೆ.

ಸರ್ಕಾರಿ ಶಾಲೆ ಉಳಿಸುವುದಕ್ಕಾಗಿ ಆರ್‌ಟಿಇ ತೆಗೆದೆವು ಎನ್ನುವವರಿಗೆ ಒಂದನ್ನು ಕೇಳುತ್ತೇನೆ: 2019ರ ನಂತರ ಮಕ್ಕಳು ಸರ್ಕಾರಿ ಶಾಲೆಗೆ ತುಂಬಿ ಬಂದರೇ? ನನ್ನ ಶಾಲೆಗೆ ಬಂದದ್ದು ಯಾದಗಿರಿಯವಳಂತಹ, ಬೇರೆ ದಾರಿಯೇ ಇಲ್ಲದವರ ಮಕ್ಕಳು. ಸ್ವಲ್ಪ ದಾರಿಯಿದ್ದವರು ಸಾಲ ಮಾಡಿ, ಚೀಟಿ ಎತ್ತಿ, ಓಣಿಯ ಮಹಡಿ ಮೇಲಿನ ಸಣ್ಣ ಇಂಗ್ಲಿಷ್ ಶಾಲೆಗಳಿಗೆ ಫೀಸು ಕಟ್ಟಿದರು. ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ನಮ್ಮದೇ ಮಾದರಿಯ ತಿದ್ದುಪಡಿ ತಂದಾಗ ಬಾಂಬೆ ಹೈಕೋರ್ಟ್ ಜುಲೈನಲ್ಲಿ ಅದನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಆ ತೀರ್ಪಿನಲ್ಲಿ ಕೈಹಾಕಲು ಒಪ್ಪಲಿಲ್ಲ. ಕೋರ್ಟು ಹೇಳುವವರೆಗೆ ನಾವೇಕೆ ಕಾಯಬೇಕು? ನಿಯಮ ಮಾಡಿದ್ದು ಸರ್ಕಾರ, ತೆಗೆಯುವ ಅಧಿಕಾರವೂ ಸರ್ಕಾರದ್ದೇ.

ತೆಗೆದು ಸುಮ್ಮನಾದರೆ ಸಾಲದು. ಯಾದಗಿರಿಯ ತಾಯಿಯ ಹಿರಿಮಗನ ಕಥೆಯನ್ನೂ ಕೇಳಿ. ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಶಾಲೆಯವರು ಪೂರ್ತಿ ಫೀಸು ಕೇಳಿದರು. ಕಂಬಿ ಕಟ್ಟುವವನು ಎಲ್ಲಿಂದ ತರುತ್ತಾನೆ? ಎಂಟು ವರ್ಷ ಜೊತೆಗಿದ್ದ ಗೆಳೆಯರನ್ನು ಬಿಟ್ಟು ಆ ಹುಡುಗ ಸರ್ಕಾರಿ ಪ್ರೌಢಶಾಲೆಗೆ ಬಂದ. ಅದಕ್ಕೂ ಮುಂಚೆ, ಪ್ರತಿ ವರ್ಷ ಪುಸ್ತಕಕ್ಕೆ, ಸ್ಮಾರ್ಟ್ ಕ್ಲಾಸಿಗೆ, ವಾರ್ಷಿಕೋತ್ಸವದ ಉಡುಪಿಗೆ ಎಂದು ಹೇಳಿ ಅವರಿಂದ ದುಡ್ಡು ವಸೂಲಾಗಿತ್ತು. ಪ್ರವಾಸಕ್ಕೆ ಆ ಹುಡುಗ ಒಮ್ಮೆಯೂ ಹೋಗಿರಲಿಲ್ಲ. ಎಂಟನೆಯದರ ಗಡಿಯನ್ನು ರಾಜ್ಯದ ಹಣದಲ್ಲಿ ಹತ್ತನೆಯವರೆಗಾದರೂ ಮುಂದುವರಿಸಿ. ಬೇರೆ ಸೆಕ್ಷನ್ ಮಾಡಿ ಕೂರಿಸುವುದನ್ನು ಕಾಯ್ದೆಯ ನಿಯಮಗಳೇ ನಿಷೇಧಿಸಿವೆ. ಕ್ಷೇತ್ರ ಶಿಕ್ಷಣಾಧಿಕಾರಿಗಳು ವರ್ಷಕ್ಕೊಮ್ಮೆಯಾದರೂ ತರಗತಿಯೊಳಗೆ ಹೋಗಿ, ಯಾವ ಮಗು ಎಲ್ಲಿ ಕೂತಿದೆ ಎಂದು ನೋಡಲಿ. ಖಾಸಗಿ ಶಾಲೆಗೆ ಕೊಡಬೇಕಾದ ಹಣವನ್ನೂ ಸರಿಯಾದ ಹೊತ್ತಿಗೆ ಕೊಡಿ. ತಡವಾದಾಗ ಅದರ ಸಿಟ್ಟು ಮಗುವಿನ ಮೇಲೆ ತಿರುಗುತ್ತದೆ.

ಆ ಹುಡುಗಿ ಈಗ ಬೆಳೆದಿದ್ದಾಳೆ. ತಾಯಿಯ ಜೊತೆ ಕೆಲಸದ ಮನೆಗೆ ಬರುವುದಿಲ್ಲ ಎಂದು ಹಟ ಹಿಡಿಯುತ್ತಾಳಂತೆ. ಕಾರಣ ಕೇಳಿದರೆ ಹೇಳುವುದಿಲ್ಲವಂತೆ.

ಹೋದ ವಾರ ಆ ತಾಯಿ ಫೋನ್ ಮಾಡಿದ್ದಳು. ಅವಳಿಗೆ ಮೂರನೆಯವನೊಬ್ಬ ಇದ್ದಾನೆ. ಬರುವ ಜೂನ್‌ಗೆ ಅವನಿಗೆ ಆರು ತುಂಬುತ್ತದೆ. ‘ಅಕ್ಕೋರ, ಈ ಸರ್ತಿ ಅರ್ಜಿ ಬಿಡ್ತಾರಂತೇನ್ರಿ?’ ಎಂದು ಕೇಳಿದಳು. ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಆದಾಯ ಪ್ರಮಾಣಪತ್ರ ಮಾಡಿಸಿ ಇಟ್ಟುಕೋ, ಏಪ್ರಿಲ್‌ವರೆಗೆ ಕಾಯೋಣ ಎಂದು ಹೇಳಿದ್ದೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಬೆಂಗಳೂರು